ಬಾಣಂತಿ ಕೋಣೆಯ ಚುಕ್ಕವ್ವ

ಯಾರ ಮನೆಗೆ ಹೋದರೂ ಒಳಗೆ ಕಾಲಿಟ್ಟ ಕೂಡಲೇ ನಾನು ಗೋಡೆ ಮುಟ್ಟಿ ನೋಡುತ್ತೇನೆ. ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ. ಗೋಡೆ ಒಣಗಿದೆಯೋ, ತಣ್ಣಗಿದೆಯೋ, ಒಳಗೊಳಗೇ ಬೆವರುತ್ತಿದೆಯೋ ಎಂದು ತಿಳಿಯುವ ತನಕ ಅವರು ಕೊಟ್ಟ ಚಹಾ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮಗಳು ಹಳಿಯಾಳದಲ್ಲಿ ಹೊಸ ಮನೆ ಕಟ್ಟಿಸಿ ಕರೆದಾಗಲೂ ಅಷ್ಟೆ. ಅತ್ತ ಪೂಜೆ ನಡೆದಿತ್ತು, ಇತ್ತ ನಾನು ಮಲಗುವ ಕೋಣೆಯ ಮೂಲೆಯಲ್ಲಿ ನಿಂತು ಗೋಡೆ ಸವರುತ್ತಿದ್ದೆ. ಅಳಿಯ ಅದನ್ನು ನೋಡಿಬಿಟ್ಟ.

"ಅತ್ತಿ, ಎಂಜಿನಿಯರ್ ಪಾಸ್ ಮಾಡ್ಯಾನ್ರಿ. ಇನ್ನ ನಿಮ್ಮದೊಂದು ಸಹಿ ಬಾಕಿ ಐತಿ ನೋಡ್ರಿ."

ನಗಲಿ ಬಿಡಿ. ಈ ಚಟ ನನಗೆ ಹತ್ತಿದ್ದು ದಾಂಡೇಲಿಯ ಎರಡು ಖೋಲಿಯ ಕ್ವಾರ್ಟರ್ಸಿನಲ್ಲಿ, ಒಂದೇ ಒಂದು ಮಳೆಗಾಲದಲ್ಲಿ. ಕಲಿಸಿದವರು ನಮ್ಮವ್ವ, ಒಬ್ಬ ಬಾಣಂತಿ ಮತ್ತು ಒಂದು ಆಮೆಮರಿ. ಮೂವರಲ್ಲಿ ಯಾರಿಗೂ ತಾವು ಏನೋ ಕಲಿಸುತ್ತಿದ್ದೇವೆ ಎಂದು ಗೊತ್ತಿರಲಿಲ್ಲ.

ಅಪ್ಪನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ನಾವು ದಾಂಡೇಲಿಗೆ ಬಂದದ್ದು ಒಂದು ಬೇಸಿಗೆಯ ಕೊನೆಗೆ. ಅವ್ವನ ತವರು ಮುಂಡರಗಿ ಕಡೆ, ಗುಡ್ಡದ ಬುಡದ ಒಣ ಊರು. ಅಲ್ಲಿ ಮುಂಜಾನೆ ಹಾಕಿದ ಹಪ್ಪಳ ಮಧ್ಯಾಹ್ನದ ಊಟಕ್ಕೆ ಕರಿಯಲು ಬರುತ್ತಿತ್ತು. ಬೀಜದ ಜೋಳವನ್ನು ಬೂದಿ, ಬೇವಿನೆಲೆ ಹಾಕಿ ಗಡಿಗೆಯಲ್ಲಿ ಮುಚ್ಚಿಟ್ಟರೆ ಮುಂದಿನ ಬಿತ್ತಿಗೆಯ ತನಕ ಹುಳ ಮೂಸಿ ನೋಡುತ್ತಿರಲಿಲ್ಲ. ಅಂಥ ಊರಿನ ಹೆಣ್ಣುಮಗಳನ್ನು ತಂದು ಕಾಳಿ ನದಿಯ ಮಗ್ಗುಲಲ್ಲಿ ಇಟ್ಟರೆ ಏನಾಗಬೇಕೋ ಅದೇ ಆಯಿತು. ಮಳೆ ಹಿಡಿದ ಮೇಲೆ ಚಪ್ಪಲಿಗೆ ಬೂಷ್ಟು ಬಂತು, ಗಾದಿಗೆ ಬೂಷ್ಟು ಬಂತು, ಅವ್ವ ಜೀವ ಹೋದರೂ ಬಿಡಲಾರೆನೆಂದು ಹೊತ್ತು ತಂದಿದ್ದ ಶ್ಯಾವಿಗೆಗೂ ಬೂಷ್ಟು ಬಂತು. ಕಡ್ಡಿಪೆಟ್ಟಿಗೆ ಗೀರಿದರೆ ಕಡ್ಡಿಯ ತಲೆ ಉದುರುತ್ತಿತ್ತೇ ಹೊರತು ಬೆಂಕಿ ಹತ್ತುತ್ತಿರಲಿಲ್ಲ. ಅಪ್ಪನ ಕೆಲಸದ ಅಂಗಿ ಒಗೆದರೆ ಒಣಗುತ್ತಿರಲಿಲ್ಲ, ಒಗೆಯದಿದ್ದರೆ ಮನೆಯಲ್ಲಿ ಕೂಡಲು ಆಗುತ್ತಿರಲಿಲ್ಲ. ಒಂದು ದಿನ ಅವ್ವ ಉಪ್ಪಿನ ಭರಣಿಯ ಮುಚ್ಚಳ ತೆಗೆದಳು. ಒಳಗೆ ಅರ್ಧ ಉಪ್ಪು, ಅರ್ಧ ನೀರು. ಭರಣಿಯನ್ನು ತಂದು ಉಣ್ಣಲು ಕೂತ ಅಪ್ಪನ ಮುಂದೆ ಕುಕ್ಕಿದಳು.

"ನೋಡ್ರಿ, ನಿಮ್ಮ ಊರಾಗ ಉಪ್ಪು ಸುದ್ದಾ ಅಳತೈತಿ."

"ಒಂದು ಮಳಿಗಾಲ ದಾಟು, ರೂಢಿ ಆಗತೈತಿ," ಎಂದ ಅಪ್ಪ, ಬೆರಳನ್ನು ಆ ನೀರಿಗೇ ಅದ್ದಿ ರೊಟ್ಟಿಗೆ ಸವರಿಕೊಳ್ಳುತ್ತ. "ಹಿಂಗ ಛಲೋ ಐತಲ್ಲ, ಕರಗಸೂ ಕೆಲಸ ಉಳೀತು."

ದಾಂಡೇಲಿಯನ್ನು ಅವ್ವ ಯಾವಾಗಲೂ 'ನಿಮ್ಮ ಊರು' ಎನ್ನುತ್ತಿದ್ದಳು. ಅದು ಅಪ್ಪನ ಊರೂ ಅಲ್ಲ, ಅವನು ಹುಟ್ಟಿ ಬೆಳೆದದ್ದು ಅಣ್ಣಿಗೇರಿ ಕಡೆ. ಆದರೆ ಕೆಲಸ ಸಿಕ್ಕ ತಪ್ಪಿಗೆ ಅಲ್ಲಿನ ಮಳೆ, ರಕ್ತ ಹೀರುವ ಉಂಬಳ, ಬೂಷ್ಟು ಎಲ್ಲಕ್ಕೂ ಅವನೇ ಜವಾಬ್ದಾರ. ನಾವಿದ್ದ ಕ್ವಾರ್ಟರ್ಸನ್ನು ಅವಳು ಮನೆ ಎಂದು ಕರೆಯುತ್ತಲೇ ಇರಲಿಲ್ಲ. 'ಖೋಲಿ' ಎನ್ನುತ್ತಿದ್ದಳು. ಖೋಲಿಗೆ ಹೋಗೂಣು, ಖೋಲಿ ಕಸ ಹೊಡಿ, ಖೋಲಿ ಸೋರತೈತಿ. ಮನೆ ಎಂದರೆ ಮುಂಡರಗಿ ಕಡೆಯದು ಮಾತ್ರ. ಅಪ್ಪ ಇದನ್ನೆಲ್ಲ ನಗೆಯಲ್ಲಿ ತೇಲಿಸುತ್ತಿದ್ದ. ಮಾತಿನ ಮನುಷ್ಯ ಅವನು. ಪಾಳಿ ಮುಗಿಸಿ ಬಂದು ಕೈಕಾಲು ತೊಳೆಯುವುದರೊಳಗೆ ಕಾರ್ಖಾನೆಯ ಅಷ್ಟೂ ಸುದ್ದಿ ಹೇಳಿ ಮುಗಿಸುತ್ತಿದ್ದ. ನನಗೆ ಆ ಸುದ್ದಿಗಳಿಲ್ಲದೆ ನಿದ್ದೆ ಹತ್ತುತ್ತಿರಲಿಲ್ಲ.

ಮಳೆ ಜೋರಾದ ಹೊತ್ತಿಗೆ ನನ್ನ ಸೋದರಮಾವ ಬಂದ. ಜೊತೆಗೆ ಚಿಗವ್ವ, ಅಂದರೆ ಅವ್ವನ ತಂಗಿ ರತ್ನಾ, ದಿನ ತುಂಬಿದ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ಅವರವ್ವ ತೀರಿಕೊಂಡು ವರ್ಷಗಳಾಗಿದ್ದವು, ಹಿರಿಯಕ್ಕ ಇದ್ದಲ್ಲಿಯೇ ತವರು ಎಂದುಕೊಂಡು ಕರೆತಂದಿದ್ದ. ಚಿಗವ್ವನನ್ನು ಇಳಿಸಿ, ಬಾಣಂತಿಗೆ ಕಟ್ಟುವ ಅಂಟಿನುಂಡಿಯ ಸಾಮಾನು ಇಳಿಸಿ, ಕೊನೆಗೆ ತನ್ನ ಬುತ್ತಿಯ ಗಂಟು ಬಿಚ್ಚಿದ. ರೊಟ್ಟಿ ಇರಬೇಕಾದ ಬಟ್ಟೆಯೊಳಗೆ ಆಮೆಮರಿ. ಲಿಂಬಿಹಣ್ಣಿಗಿಂತ ದೊಡ್ಡದು, ಮೂಸಂಬಿಗಿಂತ ಸಣ್ಣದು. ಕರಿ ಬೆನ್ನಿನ ಮೇಲೆ ಹಳದಿ ಗೆರೆಗಳು ಚಿಕ್ಕೆ ಚಿಕ್ಕೆಯಾಗಿ ಹರಡಿದ್ದವು. ಗುಡ್ಡದ ಬದಿಯ ರಸ್ತೆಯಲ್ಲಿ ಲಾರಿಯ ಗಾಲಿಗೆ ಸಿಗುವಂತಿತ್ತಂತೆ, ಎತ್ತಿಕೊಂಡನಂತೆ. ಆಮೆ ಇದ್ದ ಮನೆ ಅಲುಗುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ಇವತ್ತು ಅಂಥ ಆಮೆಯನ್ನು ಮನೆಯಲ್ಲಿಟ್ಟುಕೊಂಡರೆ ಅರಣ್ಯ ಇಲಾಖೆಯವರು ಬಂದು ಕೇಳುತ್ತಾರೆ, ಕೇಳಬೇಕಾದದ್ದೇ. ಕಾಡಿನ ಜೀವ ಕಾಡಿನಲ್ಲಿರಬೇಕು. ನಮಗೆ ಆಗ ಕಾಯ್ದೆಯೂ ಗೊತ್ತಿರಲಿಲ್ಲ, ಆಮೆಯೂ ಗೊತ್ತಿರಲಿಲ್ಲ. ಚಿಗವ್ವ ಮಾತ್ರ ಅದಕ್ಕೆ ಅಲ್ಲೇ ಹೆಸರಿಟ್ಟಳು, ಚುಕ್ಕವ್ವ.

ಮರುದಿನ ಮಾವ ಹೊರಟು ನಿಂತಾಗ ಅವ್ವ ಬಾಗಿಲಲ್ಲಿ ಅವನೊಡನೆ ಮಾತಾಡುತ್ತಿದ್ದಳು. ಗಂಗಿ, ಅಂದರೆ ನಾನು, ಅವಳ ಬೆನ್ನ ಹಿಂದೆ ಆಮೆಯನ್ನು ಲಂಗದಲ್ಲಿ ಹಾಕಿಕೊಂಡು ಕೂತಿದ್ದೆ.

"ಅಣ್ಣಾ, ರತ್ನಾನ ಬಾಣಂತನ ಮುಗೀಲಿ. ಆಕೀನ ಕಳಸಾಕ ಬರ್ತೇನಲ್ಲ, ಅವಾಗ ಗಂಗೀನೂ ಕರಕೊಂಡು ಬರ್ತೇನಿ. ತಿರುಗಿ ಬರಾಂಗಿಲ್ಲ. ಅವರು ಬೇಕಂದ್ರ ಇಲ್ಲೇ ದುಡೀಲಿ."

"ಹುಚ್ಚೀ, ಒಂದು ಮಳಿಗಾಲಕ್ಕ ಹಿಂಗ ಅಂದ್ರ ಹೆಂಗ?"

"ನೀ ತಂದ ಆಮಿ ಹೆಂಗೋ, ನಾನೂ ಹಂಗ. ಒಣ ನೆಲದ ಜೀವ. ಅದೂ ಇಲ್ಲಿ ಉಳಿಯಂಗಿಲ್ಲ, ನಾನೂ ಉಳಿಯಂಗಿಲ್ಲ. ನೋಡ್ತಿರು."

ಮಾವ ನಕ್ಕು ಹೋದ. ನನಗೆ ನಗು ಬರಲಿಲ್ಲ. ಅವ್ವ ಬಾಯಿಗೆ ಬಂದದ್ದು ಆಡುವವಳಲ್ಲ. ಅವ್ವನ ಜೊತೆ ಹೋದರೆ ಅಪ್ಪ ಇಲ್ಲ, ಅಪ್ಪನ ಜೊತೆ ಉಳಿದರೆ ಅವ್ವ ಇಲ್ಲ. ಲಂಗದಲ್ಲಿದ್ದ ಆಮೆಯನ್ನು ನೋಡಿದೆ. ಇದು ಉಳಿದರೆ ಅವ್ವ ಉಳಿಯುತ್ತಾಳೆ ಎಂದು ಆ ಕ್ಷಣಕ್ಕೆ ನಂಬಿದೆ. ಇದು ನನ್ನ ಲೆಕ್ಕವಲ್ಲ, ಅವ್ವನೇ ಆಡಿದ ಮಾತು. ಅಲ್ಲಿಂದ ಮುಂದೆ ಚುಕ್ಕವ್ವನನ್ನು ಬದುಕಿಸುವುದೊಂದೇ ನನ್ನ ಕೆಲಸವಾಯಿತು, ಶಾಲೆಯ ಅಭ್ಯಾಸ ಹಾಳಾಗಿ ಹೋಗಲಿ.

ಮೊದಲು ಕೈಹಾಕಿದವನು ಅಪ್ಪ. ಆಮೆ ಅಂದಮೇಲೆ ನೀರು ಬೇಕಲ್ಲವೇ ಎಂದು ತಗಡಿನ ಡಬ್ಬಿಯಲ್ಲಿ ನೀರು ತುಂಬಿ, ಕಲ್ಲಿಟ್ಟು, ಪಡಸಾಲೆಯಲ್ಲಿ ಇಟ್ಟ. ಚುಕ್ಕವ್ವ ಆ ಕಲ್ಲಿನ ಮೇಲೆ ಹತ್ತಿ ಕೂತು ನಮ್ಮ ಕಡೆ ನೋಡಿದಳು. ಪಡಸಾಲೆಗೆ ಮಳೆಯ ಇರಚಲು ಹೊಡೆಯುತ್ತಿತ್ತು. ಕೆಲವು ದಿನಗಳಲ್ಲಿ ಅವಳ ಮೂಗಿನಲ್ಲಿ ಸಣ್ಣ ಗುಳ್ಳೆ ಕಾಣಿಸಿಕೊಂಡಿತು, ಉಸಿರು ಬಿಟ್ಟಾಗ ಉಬ್ಬುವುದು, ಒಡೆಯುವುದು. ಅವ್ವ ಡಬ್ಬಿಯ ನೀರನ್ನು ಅಂಗಳಕ್ಕೆ ಚೆಲ್ಲಿದಳು.

"ಇದು ಗುಡ್ಡದ ಆಮಿ ಐತ್ರಿ, ಕೆರಿ ಆಮಿ ಅಲ್ಲ. ನೆಗಡಿ ಆಗೈತಿ ನೋಡ್ರಿ. ಥಂಡಿ ಹತ್ತಿಸಿ ಕೊಲ್ಲತೀರಿ."

ಆಮೇಲೆ ಅವ್ವನ ಸರದಿ. ಒಣಗಿಸುವುದು ಎಂದರೆ ಅವ್ವನಿಗೆ ಒಂದೇ ದಾರಿ ಗೊತ್ತು. ಬಿದಿರಿನ ಬುಟ್ಟಿ ತಂದಳು, ಒಲೆಯ ಬೂದಿಯನ್ನು ಜರಡಿ ಹಿಡಿದು ಅದರಲ್ಲಿ ಹಾಸಿದಳು, ಬೇವಿನೆಲೆ ಎಲ್ಲಿಂದಲೋ ತರಿಸಿ ಉದುರಿಸಿದಳು, ನಡುವೆ ಚುಕ್ಕವ್ವನನ್ನು ಕೂರಿಸಿ ಬುಟ್ಟಿಯನ್ನು ಒಲೆಯ ಮಗ್ಗುಲಿಗೆ ಇಟ್ಟಳು. ಅವಳ ಮುಖದಲ್ಲಿ ಆ ದಿನ ಎಂಥ ಸಮಾಧಾನ! ಪಕ್ಕದ ಕ್ವಾರ್ಟರ್ಸಿನ ಫಿಲೋಮಿನಾ ಬಾಯಿ ಮೊಸರಿನ ಹೆಪ್ಪಿಗೆ ಬಂದವಳು ಬುಟ್ಟಿಯೊಳಗೆ ಇಣುಕಿದಳು. ಅವರು ಹಳಿಯಾಳ ಕಡೆಯ ಸಿದ್ದಿ ಜನ. ಗಂಡ ಅಪ್ಪನ ಪಾಳಿಯಲ್ಲೇ ಇದ್ದ, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಅವ್ವನನ್ನು ಕಾಡದಿದ್ದರೆ ಅವಳಿಗೆ ದಿನ ಹೋಗುತ್ತಿರಲಿಲ್ಲ.

"ಅಕ್ಕಾ, ಇದೇನ ಬೀಜದ ಜ್ವಾಳಾನ? ಮುಂದಿನ ವರ್ಷ ಬಿತ್ತಾಂವರೇನು?"

"ನಗು ನೀ. ಹುಳಾ ಹತ್ತಂಗಿಲ್ಲ, ಥಂಡಿ ಹತ್ತಂಗಿಲ್ಲ. ನಿಮ್ಮ ಕಡೆ ಹೆಂಗ ಇಡತಾರ ಹೇಳು ಮತ್ತ?"

"ನಮ್ಮ ಅಡವ್ಯಾಗ ಇಂಥಾ ಚಿಕ್ಕಿ ಆಮಿ ನಾ ಕಂಡೇ ಇಲ್ಲಕ್ಕಾ. ನನಗೂ ತಿಳಿಯಂಗಿಲ್ಲ. ಆದರ ಇಷ್ಟ ಬೂದ್ಯಾಗ ನಾ ಕುಂತ್ರೂ ಸಾಯತೇನಿ."

ಗುಳ್ಳೆಯೇನೋ ನಿಂತಿತು. ಆದರೆ ಚುಕ್ಕವ್ವ ತಿನ್ನುವುದನ್ನೂ ನಿಲ್ಲಿಸಿದಳು. ಫಿಲೋಮಿನಾ ಬಾಯಿಯ ಬೇಲಿಯ ದಾಸವಾಳದ ಹೂವನ್ನು ಮೂಗಿನ ಹತ್ತಿರ ಹಿಡಿದರೆ ಕಣ್ಣು ತೆರೆಯುತ್ತಿರಲಿಲ್ಲ. ತೆರೆದಾಗ ಕಣ್ಣು ಒಳಗೆ ಇಳಿದಿದ್ದವು. ಕತ್ತಿನ ಚರ್ಮ ಹಣ್ಣಾದ ಮುದುಕಿಯದರಂತೆ ಸುಕ್ಕಾಗಿ, ಬೂದಿ ಮೆತ್ತಿಕೊಂಡು, ಹಕ್ಕಳೆ ಏಳುತ್ತಿತ್ತು. ಕೈಯಲ್ಲಿ ಎತ್ತಿಕೊಂಡರೆ ಹಗುರ. ಅಪ್ಪನ ಪಡಸಾಲೆಯಲ್ಲಿ ಥಂಡಿಗೆ ಸಾಯುತ್ತಿದ್ದಳು, ಅವ್ವನ ಬುಟ್ಟಿಯಲ್ಲಿ ಒಣಗಿ ಸಾಯುತ್ತಿದ್ದಳು. ಇಬ್ಬರಿಗೂ ಅವರವರ ಊರಿನ ಹವೆಯೇ ಸರಿ, ಇಬ್ಬರೂ ಬಿಟ್ಟುಕೊಡುವವರಲ್ಲ. ಬುಟ್ಟಿ ಎಲ್ಲಿರಬೇಕು ಎಂಬುದಕ್ಕೇ ಊಟದ ಹೊತ್ತಿನಲ್ಲಿ ಜಗಳವಾಗಿ, ಅಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದ. ಅವನು ಊಟ ಬಿಟ್ಟು ಎದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ಹಿತ್ತಲಿಗೆ ಹೋಗಿ ಅತ್ತೆ.

ಅಷ್ಟರಲ್ಲಿ ಚಿಗವ್ವ ಹೆತ್ತಳು, ಹೆಣ್ಣುಕೂಸು. ಆಸ್ಪತ್ರೆಯಿಂದ ತಾಯಿ, ಕೂಸು ಮರಳಿ ಬರುವುದರೊಳಗೆ ಅವ್ವ ಒಳಖೋಲಿಯನ್ನು ಬಾಣಂತಿ ಕೋಣೆ ಮಾಡಿಟ್ಟಿದ್ದಳು. ಹಗ್ಗದ ಹೊರಸು, ಅದರ ಕೆಳಗೆ ಕೆಂಡದ ಶೇಗಡಿ, ಕೆಂಡದ ಮೇಲೆ ಅಜವಾನ ಮತ್ತು ಬೆಳ್ಳುಳ್ಳಿ ಸಿಪ್ಪೆ. ಕಿಟಕಿಗೆ ಗೋಣಿತಾಟು ಬಡಿದು ಗಾಳಿ ಕಟ್ಟಿದ್ದಳು, ಹೊಗೆ ಹೋಗಲು ಮೇಲಿನ ಬೆಳಕಿಂಡಿ ಒಂದನ್ನು ಬಿಟ್ಟಿದ್ದಳು. ಒಂದು ಮೂಲೆಯಲ್ಲಿ ಎರೆಯುವ ಜಾಗ. ದಿನಾ ಮುಂಜಾನೆ ಹಂಡೆಯ ಬಿಸಿನೀರು ಹೊತ್ತು ತಂದು ಅಲ್ಲೇ ತಾಯಿಗೂ ಕೂಸಿಗೂ ಎರೆಯುತ್ತಿದ್ದಳು. ಹೊರಗೆ ಒಣಗದ ಕೂಸಿನ ಬಟ್ಟೆಗಳಿಗೆಲ್ಲ ಆ ಮೂಲೆಯ ಮೇಲೆಯೇ ಹಗ್ಗ ಕಟ್ಟಿದ್ದಳು. ಅವು ತೊಟ್ಟಿಕ್ಕುತ್ತ, ಹಬೆ ಬಿಡುತ್ತ ಒಣಗುತ್ತಿದ್ದವು. ಒಳಗೆ ಕಾಲಿಟ್ಟರೆ ಬಿಸಿ, ಹಸಿ, ಹೊಗೆ, ಎಣ್ಣೆ, ಹಾಲು ಎಲ್ಲ ಕೂಡಿ ಮುಖಕ್ಕೆ ಬಡಿಯುವುದು. ನನಗೆ ಆ ವಾಸನೆ ಈಗಲೂ ಇಷ್ಟ.

ತಲೆಗೆ ಬಟ್ಟೆ ಬಿಗಿದುಕೊಂಡು ಆ ಖೋಲಿಯಲ್ಲಿ ಕೂತ ಚಿಗವ್ವನಿಗೆ ಬೇಸರ ಹತ್ತಿತು. ಹೊರಗೆ ಬರುವಂತಿಲ್ಲ, ತಣ್ಣೀರು ಮುಟ್ಟುವಂತಿಲ್ಲ, ಗಾಳಿ ತಾಕಿಸಿಕೊಳ್ಳುವಂತಿಲ್ಲ. ನಾನು ಹೊಸ್ತಿಲಲ್ಲಿ ಕೂತು ಚುಕ್ಕವ್ವನ ಸ್ಥಿತಿ ಹೇಳಿದೆ. ಅವಳು ಕೇಳಿಯೇ ಬಿಟ್ಟಳು.

"ಅಕ್ಕಾ, ಅದನ್ನ ಇಲ್ಲಿ ಕೊಡು. ನನ್ನ ಜೋಡಿ ಅದೂ ಬಾಣಂತನ ಮಾಡಿಸಿಕೊಳ್ಳಲಿ."

"ನಿನಗ ಹುಚ್ಚು ಹಿಡದೈತೇನು? ಬಾಣಂತಿ ಖೋಲ್ಯಾಗ ಪ್ರಾಣಿ ತರತಾರೇನು?"

"ತರಲಿಲ್ಲಂದ್ರ ನಾ ಅಂಟಿನುಂಡಿ ತಿನ್ನಂಗಿಲ್ಲ. ನೋಡು ಮತ್ತ."

ಬಾಣಂತಿ ಉಂಡಿ ತಿನ್ನದಿದ್ದರೆ ಹಾಲು ಬತ್ತುತ್ತದೆ, ಆ ಮಾತು ನಾಳೆ ಅವಳ ಅತ್ತೆಮನೆಯ ತನಕ ಹೋಗುತ್ತದೆ. ಅವ್ವ ಸೋತಳು. ಆದರೆ ಒಂದು ಷರತ್ತು ಹಾಕಿದಳು. ಬಾಣಂತಿ ಕೋಣೆಗೆ ಹೊರಗಿನಿಂದ ಬರುವ ಯಾವುದೇ ಆಗಲಿ, ಬಿಸಿನೀರು ಕಾಣದೆ ಒಳಗೆ ಬರುವಂತಿಲ್ಲ. ನಾನೇ ಕಾಲು ತೊಳೆದು ಹೋಗಬೇಕಿತ್ತು. ಬೂದಿ ಬಡಿದುಕೊಂಡ ಚುಕ್ಕವ್ವ ಹಾಗೆಯೇ ಹೇಗೆ ಬರಬೇಕು? ಕೂಸಿಗೆ ಎರೆದು ಉಳಿದ ಬೆಚ್ಚನೆಯ ನೀರನ್ನು ಅವ್ವ ಒಂದು ಅಗಲ ಪರಾತಕ್ಕೆ ಸುರಿದಳು, ಕೈಯ ಹಿಂಬದಿ ಅದ್ದಿ ಕಾವು ನೋಡಿದಳು, ಚುಕ್ಕವ್ವನನ್ನು ಇಳಿಸಿದಳು. ಮೊಣಕಾಲು ಮುಳುಗುವಷ್ಟೇ ನೀರು. ಬೂದಿ ಬಿಟ್ಟುಕೊಂಡು ನೀರು ಕದಡಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಚಿಪ್ಪಿನಿಂದ ಕತ್ತು ಹೊರಗೆ ಬಂತು, ನಾನು ಯಾವತ್ತೂ ನೋಡದಷ್ಟು ಉದ್ದಕ್ಕೆ ಬಂತು. ಮೂಗು, ಬಾಯಿ ನೀರಿಗೆ ಇಳಿದವು. ಗಂಟಲು ಅಲುಗತೊಡಗಿತು. ಕುಡಿಯುತ್ತಿದ್ದಳು. ಎಷ್ಟೋ ಹೊತ್ತು ಕುಡಿದಳು. ಚಿಗವ್ವ ಕೂಸಿಗೆ ಹಾಲು ಕೊಡುವುದನ್ನು ಮರೆತು ನೋಡುತ್ತಿದ್ದಳು. ಅವ್ವ ಪರಾತದ ಪಕ್ಕ ಕುಕ್ಕರಗಾಲಿನಲ್ಲೇ ಕೂತುಬಿಟ್ಟಿದ್ದಳು.

"ಅಯ್ಯ ನನ್ನ ಶಿವನ, ನೀರಡಿಸಿತ್ತು ಇದಕ," ಎಂದಳು ಮೆಲ್ಲಗೆ. "ಥಂಡಿ ಬ್ಯಾಡಂತ ಅಷ್ಟ ಅಂದಿತ್ತು ನೋಡು. ನೀರು ಬ್ಯಾಡಂತ ಅಂದಿದ್ದಿಲ್ಲ."

ಆದರೂ ಅವ್ವ ಅವ್ವನೇ. ಒರೆಸಿದ ಚುಕ್ಕವ್ವನನ್ನು ತಂದು ಶೇಗಡಿಯ ಹತ್ತಿರ ಬಿಟ್ಟಳು. ಚುಕ್ಕವ್ವ ಸ್ವಲ್ಪ ಹೊತ್ತು ಬೆನ್ನು ಕಾಯಿಸಿಕೊಂಡು, ಎದ್ದು, ಟಪಟಪನೆ ನಡೆದು ಬಟ್ಟೆ ತೊಟ್ಟಿಕ್ಕುವ ಮೂಲೆಗೆ ಹೋದಳು. ಅವ್ವ ಎತ್ತಿ ತಂದಳು. ಮತ್ತೆ ಹೋದಳು. ಚಿಗವ್ವ ಹೊರಸಿನ ಮೇಲಿಂದ ಪಂದ್ಯ ಕಟ್ಟುವವರ ಹಾಗೆ ಕೂಗುತ್ತಿದ್ದಳು. ಕೊನೆಗೆ ಅವ್ವನಿಗೆ ಸಾಕಾಗಿ ಕೈಬಿಟ್ಟಳು. ಆಗ ನೋಡಿದರೆ ಚುಕ್ಕವ್ವ ಹಸಿ ಮೂಲೆಯಲ್ಲಿ ಕೂತು, ಮೈ ಆರಿದ ಮೇಲೆ ತಾನೇ ಶೇಗಡಿಯ ಕಡೆಗೆ ಬಂದಳು, ಮೈ ಕಾದ ಮೇಲೆ ತಾನೇ ತಿರುಗಿ ಹೋದಳು. ದಿನವಿಡೀ ಅದೇ ಅವಳ ಸಂಚಾರ. ಅವಳಿಗೆ ಬೇಕಾದದ್ದು ಬಿಸಿಯೂ ಹೌದು, ಹಸಿಯೂ ಹೌದು, ನಡುವೆ ನಾಲ್ಕು ಹೆಜ್ಜೆ ಜಾಗವೂ ಹೌದು. ಎಲ್ಲಿ ಕೂಡಬೇಕು ಎಂಬುದನ್ನು ನಾವು ಹೇಳುವುದು ಬೇಕಿರಲಿಲ್ಲ. ಎರಡನ್ನೂ ಆರದಂತೆ ನೋಡಿಕೊಂಡರೆ ಸಾಕಿತ್ತು.

ಆ ನೋಡಿಕೊಳ್ಳುವ ಕೆಲಸ ನನ್ನದಾಯಿತು. ಒಡೆದ ಗಡಿಗೆಯೊಂದನ್ನು ಮೂಲೆಯಲ್ಲಿ ಮಗ್ಗುಲಾಗಿ ಮಲಗಿಸಿ, ಒಳಗೆ ಹಿಂಡಿದ ಗೋಣಿತಾಟು ಹಾಸಿ ಚುಕ್ಕವ್ವನಿಗೆ ಗೂಡು ಮಾಡಿದೆ. ತಾಟು ಒಣಗಿದರೆ ಬಿಸಿನೀರು ಚಿಮುಕಿಸಬೇಕು, ಜವುಗಾದರೆ ಹಿಂಡಿ ಬದಲಿಸಬೇಕು. ಶೇಗಡಿಯ ಸುತ್ತ ಇಟ್ಟಿಗೆ ಜೋಡಿಸಿದೆ, ಕೆಂಡಕ್ಕೆ ತೀರ ಹತ್ತಿರ ಹೋಗದಿರಲಿ ಎಂದು. ಮುಂಜಾನೆ ಎದ್ದು ಮೊದಲು ಮೂಗು ನೋಡುವುದು, ಗುಳ್ಳೆ ಇಲ್ಲವಷ್ಟೆ? ಆಮೇಲೆ ಕೈಯ ಹಿಂಬದಿಯನ್ನು ಚಿಪ್ಪಿಗೆ, ತಾಟಿಗೆ, ನೆಲಕ್ಕೆ, ಗೋಡೆಗೆ ಇಟ್ಟು ನೋಡುವುದು. ಅಂಗೈ ಸುಳ್ಳು ಹೇಳುತ್ತದೆ, ಕೆಲಸ ಮಾಡಿ ಮರಗಟ್ಟಿರುತ್ತದೆ, ಹಿಂಬದಿಯೇ ನಿಜ ಹೇಳುವುದು ಎಂದು ಅವ್ವ ಕೂಸಿನ ನೀರಿಗೆ ಹೇಳಿಕೊಟ್ಟದ್ದನ್ನು ನಾನು ಇಡೀ ಕೋಣೆಗೆ ಹಚ್ಚಿದೆ. ಕೂಸಿಗೆ ಎರೆದ ಮೇಲೆ ಉಳಿದ ನೀರಲ್ಲಿ ಚುಕ್ಕವ್ವನಿಗೆ ಸ್ನಾನ. ಅಪ್ಪ ಹೊಸ್ತಿಲ ಹೊರಗೆ ನಿಂತೇ ವಿಚಾರಿಸುತ್ತಿದ್ದ.

"ಇಬ್ಬರೂ ಬಾಣಂತೇರು ಅರಾಮ ಅದಾರೇನವಾ?"

ಚುಕ್ಕವ್ವನ ಕಣ್ಣು ತುಂಬಿಕೊಂಡವು. ಕೆಂಪು ದಾಸವಾಳವನ್ನು ಮೊದಲ ಸಲ ಕಚ್ಚಿದ ದಿನ, ಬಾಯಿಯ ಸುತ್ತ ಬಣ್ಣ ಮಾಡಿಕೊಂಡಿದ್ದಳು. ಎಲೆಯಡಿಕೆ ಹಾಕಿಕೊಂಡ ಗೌಡಸಾನಿ ಎಂದು ಚಿಗವ್ವ ನಗಾಡಿದಳು. ಆ ಸಂತೋಷಕ್ಕೆ ನಾನು ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ ಹೇಳಿ ಬಂದೆ.

ಹೀಗಿರುವಾಗ ಮಳೆ ಬಿಡದೆ ಹಿಡಿಯಿತು. ಸೂಪಾ ಕಡೆ, ಜೋಯಿಡಾ ಕಡೆ ಅಡವಿಯೆಲ್ಲ ಒಂದೇ ಮೋಡ. ಇದ್ದಿಲು ತರುವವನು ಬರಲಿಲ್ಲ. ನಮ್ಮಲ್ಲಿದ್ದದ್ದು ಮುಗಿಯಿತು, ಕಟ್ಟಿಗೆ ಹಸಿಯಾಗಿ ಬರೀ ಹೊಗೆ. ಒಂದು ಮಧ್ಯಾಹ್ನ ನಾನು ಶಾಲೆಯಿಂದ ನೆನೆದು ಬಂದು ಕೋಣೆಗೆ ಹೋದರೆ ಶೇಗಡಿ ತಣ್ಣಗಿತ್ತು. ಚಿಗವ್ವ ಕೂಸನ್ನು ಸೀರೆಯೊಳಗೆ ಎದೆಗೆ ಅವಚಿಕೊಂಡು ದುಪ್ಪಟಿ ಹೊದ್ದು ಕೂತಿದ್ದಳು. ಅಪ್ಪ ಇದ್ದಿಲು ಹುಡುಕಲು ಹೋಗಿದ್ದನಂತೆ. ನಾನು ಗಡಿಗೆಯೊಳಗೆ ಕೈಹಾಕಿದೆ. ಗಡಿಗೆ ಖಾಲಿ. ಹೊರಸಿನ ಕೆಳಗೆ, ಹಗ್ಗದ ಕೆಳಗೆ, ಇಟ್ಟಿಗೆಯ ಹಿಂದೆ ಎಲ್ಲೂ ಇಲ್ಲ. ಸತ್ತುಹೋಗಿದೆ, ನಾನು ಬರುವುದರೊಳಗೆ ಅವ್ವ ತೆಗೆದು ಎಲ್ಲೋ ಇಟ್ಟಿದ್ದಾಳೆ ಎಂದುಕೊಂಡು ಅಡುಗೆಮನೆಗೆ ಓಡಿದೆ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಫಿಲೋಮಿನಾ ಬಾಯಿ ಒಣಗಿಸಿಟ್ಟಿದ್ದ ತೆಂಗಿನ ಕರಟ ತಂದುಕೊಟ್ಟಿದ್ದಳು, ಅದರಿಂದ ಒಲೆಯಷ್ಟು ಹತ್ತಿತ್ತು.

"ಅವ್ವಾ, ಚುಕ್ಕವ್ವ?"

"ಸಾವಕಾಶ. ಕೂಗಬ್ಯಾಡ. ಈಗ ಮಕ್ಕೊಂಡೈತಿ."

ಅವ್ವನ ಸೆರಗು ಸೊಂಟಕ್ಕೆ ಉಡಿಯಾಗಿ ಕಟ್ಟಿತ್ತು. ಆ ಉಡಿಯಲ್ಲಿ ಗುಂಡಗೆ ಏನೋ ಇತ್ತು. ಹೊಟ್ಟೆಯ ಕಾವು ಒಂದು ಕಡೆ, ಒಲೆಯ ಕಾವು ಇನ್ನೊಂದು ಕಡೆ. ಒಳಗೆ ತೇವದ ಅರಿವೆಯೊಂದನ್ನು ಸುತ್ತಿದ್ದಳು. ನಾನು ಬಗ್ಗಿ ನೋಡಿದಾಗ ಸೆರಗಿನ ಸಂದಿಯಿಂದ ಪುಟ್ಟ ತಲೆಯೊಂದು ಇಣುಕಿ ಒಳಗೆ ಹೋಯಿತು. ಅವ್ವ ರೊಟ್ಟಿ ಬಡಿಯುವ ಸಪ್ಪಳವನ್ನು ಕೂಡ ಕಡಿಮೆ ಮಾಡಿದ್ದಳು. ಬಾಗಿಲಲ್ಲಿ ನಿಂತ ಫಿಲೋಮಿನಾ ಬಾಯಿ ಸುಮ್ಮನಿರುವಳೇ?

"ಅಕ್ಕಾ, ಎಷ್ಟು ತಿಂಗಳ?"

ಅವ್ವ ನಕ್ಕಳು. ಮಳೆಗಾಲ ಹಿಡಿದ ಮೇಲೆ ಅವಳು ಹಾಗೆ ಹೊಟ್ಟೆ ಹಿಡಿದು ನಕ್ಕದ್ದು ಅಂದೇ. ಉಡಿ ಅಲುಗಬಾರದೆಂದು ಒಂದು ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅಪ್ಪ ಎಲ್ಲಿಂದಲೋ ಒಂದು ಚೀಲ ಇದ್ದಿಲು ಹೊತ್ತುಕೊಂಡು ಬಂದವನು, ಮೈಯೆಲ್ಲ ಕರಿನೀರು ಇಳಿಯುತ್ತಿದ್ದರೂ, ಏನಾಯಿತು ಎಂದು ಕೇಳದೆ ತಾನೂ ನಗತೊಡಗಿದ.

ಮಳೆ ಕಡಿಮೆಯಾಯಿತು. ಬಿಸಿಲು ಬಿದ್ದಾಗ ಅವ್ವ ಹಾಸಿಗೆ, ಗಾದಿ, ಶ್ಯಾವಿಗೆ, ಕೂಸು, ಚುಕ್ಕವ್ವ ಎಲ್ಲವನ್ನೂ ಅಂಗಳದಲ್ಲಿ ಒಣಹಾಕಿದಳು. ಚುಕ್ಕವ್ವನ ಚಿಪ್ಪಿನ ಅಂಚಿಗೆ ಹೊಸ ಬೆಳವಣಿಗೆಯ ತೆಳು ಪಟ್ಟಿ ಬಂದಿತ್ತು, ನಯವಾಗಿ. ನನ್ನ ಹೆದರಿಕೆ ಹೋಗಿರಬೇಕಿತ್ತು, ಹೋಗಲಿಲ್ಲ. ಆಮೆ ಉಳಿದಿತ್ತು, ಸರಿ. ಆದರೆ ಅವ್ವ ಚಿಗವ್ವನನ್ನು ಕಳಿಸಲು ಹೊರಡುವ ತಯಾರಿ ನಡೆಸಿದ್ದಳು. ಟ್ರಂಕಿಗೆ ತನ್ನ ಸೀರೆಗಳನ್ನು ಇಟ್ಟಳು. ಎಷ್ಟು ಇಟ್ಟಳು, ಎಷ್ಟು ಬಿಟ್ಟಳು ಎಂದು ನೋಡಲು ನನಗೆ ಧೈರ್ಯವಾಗಲಿಲ್ಲ. ಚಿಗವ್ವನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನಬೇರು, ಕುಪ್ಪಸದ ಬಟ್ಟೆ. ನಮ್ಮಲ್ಲಿ ತವರಿನಿಂದ ಗಂಡನ ಮನೆಗೆ ಹೊರಟ ಹೆಣ್ಣುಮಗಳನ್ನು ಬರಿಯ ಉಡಿಯಲ್ಲಿ ಕಳಿಸುವುದಿಲ್ಲ. ಆಮೇಲೆ ನನ್ನ ಕೈಯಿಂದ ಚುಕ್ಕವ್ವನನ್ನು ತೆಗೆದುಕೊಂಡು ಅವಳ ಬೆನ್ನಿಗೂ ಒಂದು ಚಿಟಿಕೆ ಅರಿಶಿನ, ಒಂದು ಚಿಟಿಕೆ ಕುಂಕುಮ ಹಚ್ಚಿದಳು.

"ಇದನ್ನ ಯಾಕ ಒಯ್ಯೂದವ್ವಾ? ನಮ್ಮ ಕೂಡ ಇರಲಿ."

"ಬಾಣಂತನ ಮುಗದ ಮ್ಯಾಲೆ ಇಟಗೋಬಾರದವಾ. ಎಷ್ಟ ಮಾಯಾ ಇದ್ರೂ ಅವರವರ ಮನಿಗೆ ಕಳಸಬೇಕು."

ನನಗೆ ಎರಡು ದುಃಖ ಒಟ್ಟಿಗೆ ಬಂದವು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಟ್ರಂಕನ್ನು ಮೇಲೆ ಏರಿಸಿ ಕಿಟಕಿಯ ಕೆಳಗೆ ಬಂದು ನಿಂತ. ಯಾವಾಗ ಬರುತ್ತೀಯ ಎಂದು ಅವನು ಕೇಳಲಿಲ್ಲ, ಅವ್ವ ಹೇಳಲಿಲ್ಲ. ಬಸ್ಸು ಅಲುಗಿದಾಗ ನನ್ನ ಕೆನ್ನೆ ಮುಟ್ಟಿದ, ಕೈಯ ಹಿಂಬದಿಯಿಂದ. ಅವನಿಗೂ ಆ ರೂಢಿ ಹತ್ತಿತ್ತು.

ಮುಂಡರಗಿ ಕಡೆಯ ಬಿಸಿಲಿನಲ್ಲಿ ಅವ್ವನ ಮುಖ ಅರಳಿತು, ಆ ಬಗ್ಗೆ ನಾನು ಸುಳ್ಳು ಹೇಳಲಾರೆ. ಚಿಗವ್ವನನ್ನು ಅವಳ ಅತ್ತೆಮನೆಗೆ ಒಪ್ಪಿಸಿ, ಮಾವನೊಂದಿಗೆ ಗುಡ್ಡದ ಬದಿಗೆ ಹೋದೆವು. ಅವನು ಚುಕ್ಕವ್ವನನ್ನು ಎತ್ತಿಕೊಂಡಿದ್ದ ಜಾಗದ ಹತ್ತಿರ, ರಸ್ತೆಯಿಂದ ಬಹಳ ಒಳಗೆ, ಬೋರೆ ಗಿಡಗಳ ನಡುವೆ ಅವಳನ್ನು ಇಳಿಸಿದೆ. ಕತ್ತು ಉದ್ದ ಮಾಡಿದಳು, ಒಂದಷ್ಟು ಹಕ್ಕರಕಿ ಎಲೆ ಕಚ್ಚಿದಳು. ನಮ್ಮ ಕಡೆ ತಿರುಗಿ ನೋಡಲಿಲ್ಲ. ಒಂದು ಮುಳ್ಳುಕಂಟಿಯ ಬುಡದಲ್ಲಿ, ಅರ್ಧ ಮೈ ಬಿಸಿಲಿಗೆ, ಅರ್ಧ ಮೈ ನೆರಳಿಗೆ ಇಟ್ಟುಕೊಂಡು ಕೂತಳು. ಬೆನ್ನಿನ ಕುಂಕುಮ ಇನ್ನೂ ಇತ್ತು.

ಮನೆಗೆ ಬಂದ ಮೇಲೆ ಮಾವ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಮಾತು ತೆಗೆದ. ಅವ್ವನ ಹೆಸರು ನೀಲವ್ವ, ಅವನಿಗೆ ನೀಲಾ.

"ನೀಲಾ, ಅಂದಂಗ ಆತು ನೋಡು. ಆಮಿನೂ ಬಂತು, ನೀನೂ ಬಂದಿ. ಹುಡಿಗೀನ ಇಲ್ಲೇ ಸಾಲಿಗೆ ಹಾಕೂಣು. ಮೂಡಲ ಖೋಲಿ ಖಾಲಿ ಐತಿ, ಅದರಾಗ ಇರ್ರಿ."

ನಾನು ಕಂಬ ಹಿಡಿದು ನಿಂತಿದ್ದೆ. ಅವ್ವ ಪಕ್ಕದ ಗೋಡೆಗೆ ಕೈಯ ಹಿಂಬದಿ ಇಟ್ಟಳು. ಬಿಸಿಲು ಕುಡಿದ, ಖಟಖಟ ಒಣಗಿದ ಗೋಡೆ.

"ಉಳಿಯಂಗಿಲ್ಲ ಅಂದಿದ್ನಲ್ಲಣ್ಣಾ," ಎಂದಳು. "ಉಳೀತು. ನನ್ನ ಉಡ್ಯಾಗ ಉಳೀತು ಅದು."

ಆಮೇಲೆ ಒಳಗೆ ತಿರುಗಿ ಮಾವನ ಹೆಂಡತಿಯನ್ನು ಕರೆದಳು.

"ವೈನಿ, ಅಕ್ಕಿ ಕೊಬ್ಬರಿ ತಗೊಂಡು ಬರ್ರಿ. ನನ್ನ ಉಡಿ ತುಂಬ್ರಿ. ಮುಂಜಾನಿ ಬಸ್ಸಿಗೆ ಹೋಗಬೇಕು."

ನಾನು ಕಂಬ ಬಿಟ್ಟು, ಅಕ್ಕಿ ತರಲು ಅವರಿಗಿಂತ ಮೊದಲೇ ಒಳಗೆ ಓಡಿದೆ.

ಮರುದಿನ ಬಸ್ಸು ಧಾರವಾಡ ದಾಟಿ, ಹೊಲಗಳು ಮುಗಿದು ಕಾಡು ಶುರುವಾಗುವ ಹೊತ್ತಿಗೆ ನಾನು ಅವ್ವನ ಮಡಿಲಲ್ಲಿ ತಲೆಯಿಟ್ಟಿದ್ದೆ. ಉಡಿಯ ಕೊಬ್ಬರಿ ಬಟ್ಟಲು ಕಿವಿಗೆ ಒತ್ತುತ್ತಿತ್ತು. ಹಳಿಯಾಳದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಮೋಡ ಕವಿಯಿತು. ದಪ್ಪ ಹನಿಗಳು ಕಿಟಕಿಯ ಸರಳಿಗೆ ಬಿದ್ದು ನನ್ನ ಮುಖಕ್ಕೆ ಸಿಡಿದವು. ಜನ ಗಡಬಡಿಸಿ ಕಿಟಕಿಯ ಪರದೆ ಇಳಿಸತೊಡಗಿದರು. ನಾನು ಹೆದರಿ ಅವ್ವನ ಮುಖ ನೋಡಿದೆ.

"ಅವ್ವಾ, ಮತ್ತ ಮಳಿ ಬಂತು."

"ಬರಲಿ ಬಿಡು," ಎಂದಳು ಅವ್ವ. ಕೈಯನ್ನು ಕಿಟಕಿಯ ಹೊರಗೆ ಚಾಚಿ, ಹಿಂಬದಿಯ ಮೇಲೆ ನಾಲ್ಕು ಹನಿ ಬೀಳಿಸಿಕೊಂಡಳು. "ನಮ್ಮ ಮನ್ಯಾಗ ಶೇಗಡಿ ಐತಿ."